ಬಾಯಿ ಮುಕ್ಕಳಿಸುವ ಔಷಧ: ಎರಡು ವಾರದ ಮದ್ದು ನಿತ್ಯದ ರೂಢಿಯಾದ ಬಗೆ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಾಗಲಿ ಔಷಧ ಅಂಗಡಿಗೆ ಹೋಗಿ ಮೌತ್‌ವಾಶ್ ಕೇಳಿದರೆ ಈಗ ನಾಲ್ಕಾರು ಬಗೆಯ ಬಾಟಲಿಗಳು ಮುಂದೆ ಬರುತ್ತವೆ. ಒಂದರಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕ ಇದ್ದರೆ ಇನ್ನೊಂದರಲ್ಲಿ ಓಮ, ಪುದೀನ, ನೀಲಗಿರಿಗಳ ಸತ್ವವಿರುತ್ತದೆ. ಮತ್ತೊಂದರಲ್ಲಿ ಸೆಟೈಲ್‌ಪಿರಿಡಿನಿಯಂ, ಮಗದೊಂದರಲ್ಲಿ ಪೊವಿಡೋನ್ ಅಯೋಡಿನ್. ಹಲ್ಲಿನ ಪಾಚಿಗೆ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಇವೆಲ್ಲ ಒಂದೇ ಉದ್ದೇಶಕ್ಕೆ ಹುಟ್ಟಿದವುಗಳಲ್ಲ, ಒಂದೇ ಅವಧಿಗೆ ಬಳಸಬೇಕಾದವುಗಳೂ ಅಲ್ಲ ಎಂಬ ಸಂಗತಿ ಮರೆಯಾಗಿರುವುದೇ ಈ ಗೊಂದಲದ ಮೂಲ.

ಮಾವಿನ ಎಲೆ, ಉಮಿಕರಿ, ಉಪ್ಪುನೀರು, ತ್ರಿಫಲಾ ಕಷಾಯಗಳ ಕಾಲದಿಂದ ಬಾಟಲಿಯ ಕಾಲದವರೆಗಿನ ದಾರಿ ದೀರ್ಘವಾದದ್ದು. 1683ರಲ್ಲಿ ಹಾಲೆಂಡಿನ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ ತನ್ನ ಹಲ್ಲಿನ ಮೇಲಿನ ಬಿಳಿಯ ಪದಾರ್ಥದಲ್ಲಿ ಚಲಿಸುವ ಜೀವಿಗಳನ್ನು ಕಂಡು ವರದಿ ಮಾಡಿದ. 1879ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ನಂಜುನಿರೋಧಕವಾಗಿ ಸಿದ್ಧವಾದ ಲಿಸ್ಟರಿನ್, 1914ರ ಹೊತ್ತಿಗೆ ವೈದ್ಯರ ಚೀಟಿಯಿಲ್ಲದೆ ಸಿಗುವ ಮೌತ್‌ವಾಶ್ ಆಯಿತು.

ಲೇವನ್‌ಹುಕ್ ಗಮನಿಸಿದ ಇನ್ನೊಂದು ಸಂಗತಿ ಇಂದಿಗೂ ಮುಖ್ಯವಾದದ್ದು. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದಾಗ ಪದರದ ಹೊರಗಿನ ಜೀವಿಗಳಷ್ಟೇ ಸತ್ತು, ಒಳಗಿನವು ಉಳಿದುಕೊಂಡವು. ಪ್ಲೇಕ್ ಎಂದು ದಂತವೈದ್ಯರು ಕರೆಯುವ ಈ ಪದರದಲ್ಲಿ ಸೂಕ್ಷ್ಮಾಣುಗಳು ತಾವೇ ಸ್ರವಿಸಿದ ಅಂಟಿನೊಳಗೆ ಒತ್ತಾಗಿ ನೆಲೆಸಿರುತ್ತವೆ. ಮಳೆಗಾಲದಲ್ಲಿ ಅಂಗಳದ ಚಿರೆಕಲ್ಲಿಗೆ ಹತ್ತಿದ ಪಾಚಿ ಎಷ್ಟು ನೀರು ಹೊಯ್ದರೂ ಹೋಗದೆ, ಉಜ್ಜಿದರೆ ಮಾತ್ರ ಏಳುವಂತೆ ಇದನ್ನೂ ಬ್ರಷ್ಷಿನಿಂದ ತಿಕ್ಕಿಯೇ ತೆಗೆಯಬೇಕು. ಒಮ್ಮೆ ಕಟ್ಟಿದ ಪ್ಲೇಕ್ ಅನ್ನು ಯಾವ ದ್ರಾವಣವೂ ಪೂರ್ತಿಯಾಗಿ ತೊಳೆದುಹಾಕಲಾರದು. ಹೊಸದಾಗಿ ಕಟ್ಟುವುದನ್ನು ತಡೆಯುವುದೇ ಅದರ ಮುಖ್ಯ ಕೆಲಸ.

ಕಥೆಯ ನಿಜವಾದ ತಿರುವು 1965ರಲ್ಲಿ ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ನಡೆಯಿತು. ದಂತ ಸಂಶೋಧಕ ಹೆರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು ವಸಡು ಆರೋಗ್ಯವಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿಯಾಗಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರಲ್ಲೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಅದು ಇಳಿಯಿತು. ವಸಡಿನಲ್ಲಿ ರಕ್ತ ಬರುವುದಕ್ಕೆ ವಯಸ್ಸೋ ಉಷ್ಣವೋ ಕಾರಣವೆಂಬ ಊಹೆಗಳ ನಡುವೆ, ಹಲ್ಲಿನ ಮೇಲಿನ ಪದರವೇ ಕಾರಣವೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಬೇರೊಂದಿಲ್ಲ. ಇದರ ಬೆನ್ನಲ್ಲೇ 1970ರಲ್ಲಿ ಲೋ ಮತ್ತು ಅವರ ಸಂಗಡಿಗರು, ಚರ್ಮದ ನಂಜುನಿರೋಧಕವಾಗಿ 1954ರಿಂದ ಬಳಕೆಯಲ್ಲಿದ್ದ ಕ್ಲೋರ್‌ಹೆಕ್ಸಿಡಿನ್‌ನ 0.2 ಶೇಕಡಾ ದ್ರಾವಣವನ್ನು 10 ಮಿಲಿಲೀಟರಿನಂತೆ ದಿನಕ್ಕೆರಡು ಬಾರಿ ಮುಕ್ಕಳಿಸಿದರೆ, ಹಲ್ಲುಜ್ಜದಿದ್ದಾಗಲೂ ಪ್ಲೇಕ್ ಕಟ್ಟುವುದಿಲ್ಲ ಎಂದು ತೋರಿಸಿದರು.

ಇದಕ್ಕೆ ಕಾರಣ ಆ ರಾಸಾಯನಿಕದ ಅಂಟಿಕೊಳ್ಳುವ ಗುಣ. ಧನ ವಿದ್ಯುದಂಶವುಳ್ಳ ಅದರ ಅಣುಗಳು ಹಲ್ಲಿನ ಮೇಲ್ಮೈಗೂ ಬಾಯಿಯ ಒಳಪದರಕ್ಕೂ ಹತ್ತಿಕೊಂಡು ಹಲವು ಗಂಟೆಗಳ ಕಾಲ ಕೆಲಸ ಮಾಡುತ್ತಲೇ ಇರುತ್ತವೆ. ಉಳಿದ ಹೆಚ್ಚಿನ ದ್ರಾವಣಗಳ ಪ್ರಭಾವ ಅಷ್ಟು ಹೊತ್ತು ನಿಲ್ಲುವುದಿಲ್ಲ. ಟೂತ್‌ಪೇಸ್ಟಿನ ನೊರೆಕಾರಕವು ಈ ಅಣುಗಳನ್ನು ನಿಷ್ಕ್ರಿಯಗೊಳಿಸುವುದರಿಂದಲೇ ಹಲ್ಲುಜ್ಜಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು. ಬಾಟಲಿ ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಇದನ್ನು ಯಾರಾದರೂ ಹೇಳಿರುತ್ತಾರೆ?

ಆದರೆ ಶಕ್ತಿ ಕೊಟ್ಟ ಗುಣವೇ ತೊಡಕನ್ನೂ ತಂದಿತು. ಚಹಾ, ಕಾಫಿಗಳಲ್ಲಿನ ಟ್ಯಾನಿನ್‌ನಂಥ ಬಣ್ಣಕಾರಕಗಳನ್ನು ಅದೇ ಅಣುಗಳು ಹಲ್ಲಿಗೆ ಹಿಡಿದಿಡುವುದರಿಂದ ಕಂದು ಕಲೆ ಬೀಳುತ್ತದೆ. ಅಡಿಕೆ ಮತ್ತು ಕಾಚಿನಲ್ಲಿಯೂ ಟ್ಯಾನಿನ್ ಹೇರಳವಾಗಿರುವುದರಿಂದ, ಊಟವಾದೊಡನೆ ಕವಳ ಹಾಕುವ ರೂಢಿಯುಳ್ಳ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಇದರೊಂದಿಗೆ ನಾಲಿಗೆಯ ರುಚಿ ಕೆಡುತ್ತದೆ, ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಟಾರ್ಟರ್ ಕೂಡ ಹೆಚ್ಚುತ್ತದೆ. ಆದ್ದರಿಂದಲೇ ಇದನ್ನು ವಸಡಿನ ಶಸ್ತ್ರಚಿಕಿತ್ಸೆಯ ನಂತರ, ದವಡೆ ಮುರಿದು ತಂತಿ ಕಟ್ಟಿದಾಗ, ಇಲ್ಲವೇ ಬ್ರಷ್ ಹಿಡಿಯಲಾಗದ ಸ್ಥಿತಿಯಲ್ಲಿ ಸಾಮಾನ್ಯವಾಗಿ ಎರಡು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅಮೆರಿಕದಲ್ಲಿ 1986ರಲ್ಲಿ 0.12 ಶೇಕಡಾ ದ್ರಾವಣಕ್ಕೆ ಅನುಮತಿ ಸಿಕ್ಕಿದ್ದು ವೈದ್ಯರ ಚೀಟಿಯ ಮೇಲೆ ಮಾತ್ರ. ಅಲ್ಲಿ 15 ಮಿಲಿಲೀಟರ್ ಬಳಸುವುದರಿಂದ ಬಾಯಿಗೆ ಸೇರುವ ಔಷಧ 18 ಮಿಲಿಗ್ರಾಂ, ನಮ್ಮಲ್ಲಿನ 0.2 ಶೇಕಡಾದ 10 ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ. ಅಂಕಿ ಬೇರೆಯಾದರೂ ಪರಿಣಾಮದಲ್ಲಿ ದೊಡ್ಡ ಅಂತರವಿಲ್ಲ.

ಹಾಗಾದರೆ ಹೋಲಿಕೆ ಏನು ಹೇಳುತ್ತದೆ? ಪ್ಲೇಕ್ ತಡೆಯುವುದರಲ್ಲಿ ಕ್ಲೋರ್‌ಹೆಕ್ಸಿಡಿನ್ ಮುಂದಿದೆ. ಓಮದ ಸತ್ವವಾದ ಥೈಮಾಲ್ ಮೊದಲಾದ ತೈಲಗಳ ದ್ರಾವಣ ಅದಕ್ಕಿಂತ ಸ್ವಲ್ಪ ಹಿಂದಿದ್ದರೂ, ತಿಂಗಳುಗಟ್ಟಲೆ ಬಳಸಿದ ಅಧ್ಯಯನಗಳಲ್ಲಿ ವಸಡಿನ ಉರಿಯೂತದ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರ ನಿಲ್ಲುತ್ತವೆ, ಕಲೆಯೂ ಕಡಿಮೆ. ಸೆಟೈಲ್‌ಪಿರಿಡಿನಿಯಂ ಬಾಯಿಯಲ್ಲಿ ಬೇಗ ಕ್ಷೀಣಿಸುವುದರಿಂದ ಅದರ ಲಾಭ ಸಾಧಾರಣ. ಕ್ಲೋರ್‌ಹೆಕ್ಸಿಡಿನ್ ಕುರಿತ 51 ಪ್ರಯೋಗಗಳನ್ನು ಪರಿಶೀಲಿಸಿದ ಕಾಕ್ರೇನ್ ಎಂಬ ಸಂಶೋಧನಾ ಜಾಲದ 2017ರ ವಿಮರ್ಶೆಯು, ಹಲ್ಲುಜ್ಜುವುದರ ಜೊತೆಗೆ ಇದನ್ನು ಬಳಸಿದರೆ ಪ್ಲೇಕ್ ಗಣನೀಯವಾಗಿ ಇಳಿಯುತ್ತದೆ ಎಂದಿತು. ಆದರೆ ಸೌಮ್ಯ ಉರಿಯೂತ ಇಳಿದದ್ದು 0ಯಿಂದ 3ರವರೆಗಿನ ಅಳತೆಯಲ್ಲಿ 0.21ರಷ್ಟು ಮಾತ್ರ, ರೋಗಿಯ ಪಾಲಿಗೆ ಇದು ಗಮನಾರ್ಹವಲ್ಲ ಎಂದೂ ಅದೇ ವಿಮರ್ಶೆ ಹೇಳಿತು. ಜಾಹೀರಾತುಗಳಲ್ಲಿ ಕಾಣುವುದು ಮೊದಲ ಮಾತು ಮಾತ್ರ.

ಈ ಜಿಲ್ಲೆಯಲ್ಲಿ ಎರಡು ವಾರದ ಮದ್ದು ವರ್ಷಗಟ್ಟಲೆ ಮುಂದುವರಿಯುವುದಕ್ಕೆ ದೂರವೂ ಒಂದು ಕಾರಣ. ಹೆಚ್ಚಿನ ಚಿಕಿತ್ಸೆಗೆ ಕಾರವಾರದವರು ಗೋವಾದ ಕಡೆ, ಶಿರಸಿಯವರು ಹುಬ್ಬಳ್ಳಿ–ಧಾರವಾಡದ ಕಡೆ, ಭಟ್ಕಳದವರು ಮಣಿಪಾಲದ ಕಡೆ ಹೋಗುವುದು ರೂಢಿ. ಅದಕ್ಕೆ ಒಂದಿಡೀ ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುತ್ತವೆ. ಹಳೆಯ ಬಾಟಲಿ ತೋರಿಸಿ ಹೊಸದನ್ನು ಕೊಳ್ಳುವುದು ಸುಲಭ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆಯೂ ಇದಕ್ಕೆ ಜೊತೆಯಾಗಿದೆ. ವಾಸ್ತವದಲ್ಲಿ ಹಲ್ಲನ್ನು ಸಡಿಲಗೊಳಿಸುವುದು ವಸಡಿನ ಕೆಳಗೆ ಸವೆಯುತ್ತಿರುವ ಎಲುಬು. ಮುಕ್ಕಳಿಸಿದ ದ್ರಾವಣ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಟಾರ್ಟರನ್ನು ಕರಗಿಸುವುದೂ ಇಲ್ಲ. ಎಷ್ಟು ದಿನ ಬಳಸಬೇಕು, ಯಾವಾಗ ನಿಲ್ಲಿಸಬೇಕು ಎಂಬೆರಡು ಸಾಲುಗಳನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಅಂಗಡಿಯಲ್ಲಿ ಎರಡನೆಯ ಬಾಟಲಿ ಕೊಡುವ ಮುನ್ನ ಆ ಚೀಟಿಯನ್ನು ಒಮ್ಮೆ ಕೇಳಿ ನೋಡುವುದಕ್ಕೂ ಬೇಕಾಗಿಲ್ಲ.