ಶಬ್ದವೇಗಕ್ಕಿಂತ ಕೆಳಗೆ ಹಾರುವ ಭಾರದ ರೈಫಲ್ ಗುಂಡುಗಳು: ಹೋಲಿಕೆಯ ಟಿಪ್ಪಣಿ

ರೈಫಲ್ ಮದ್ದುಗುಂಡುಗಳನ್ನು ಹೋಲಿಸುವಾಗ ಕಣ್ಣು ಮೊದಲು ಹೋಗುವುದು ವೇಗದ ಮೇಲೆ. ಸಬ್‌ಸಾನಿಕ್, ಅಂದರೆ ಶಬ್ದಕ್ಕಿಂತ ನಿಧಾನವಾಗಿ ಹಾರುವ ಮದ್ದುಗುಂಡುಗಳಲ್ಲಿ ಮಾತ್ರ ಆ ಅಂಕಿ ಹೆಚ್ಚೇನೂ ಹೇಳುವುದಿಲ್ಲ, ಏಕೆಂದರೆ ಅಲ್ಲಿ ವೇಗಕ್ಕೆ ಮೊದಲೇ ಗಡಿ ಹಾಕಿರುತ್ತದೆ. ಒಣಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 0 ಡಿಗ್ರಿಯಲ್ಲಿ 331, ಮೈನಸ್ 20ರಲ್ಲಿ 319. ಈ ಗಡಿಯನ್ನು ದಾಟಿದ ಗುಂಡು ಆಘಾತ ತರಂಗವನ್ನು ಎಬ್ಬಿಸುತ್ತದೆ. ಸೈಲೆನ್ಸರ್ ತಗ್ಗಿಸುವುದು ನಳಿಕೆಯ ಬಾಯಿಂದ ಹೊಮ್ಮುವ ಅನಿಲದ ಸದ್ದನ್ನೇ ಹೊರತು ಈ ಸಿಡಿತವನ್ನಲ್ಲ.

ವೇಗವನ್ನು ಹೆಚ್ಚಿಸಲು ಅವಕಾಶವಿಲ್ಲದಿದ್ದಾಗ ಚಲನಶಕ್ತಿಯನ್ನು ಹೆಚ್ಚಿಸಲು ಉಳಿಯುವ ದಾರಿ ತೂಕವೊಂದೇ. .300 ಬ್ಲ್ಯಾಕ್‌ಔಟ್ ಎಂಬ ರೈಫಲ್ ಕಾಡತೂಸಿನ 220 ಗ್ರೇನ್ ಗುಂಡು, ಅಂದರೆ ಸುಮಾರು 14.3 ಗ್ರಾಂ ತೂಕದ್ದು, ಸೆಕೆಂಡಿಗೆ 315 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು 707 ಜೌಲ್. ಅದೇ ವೇಗದಲ್ಲಿ 110 ಗ್ರೇನ್ ಗುಂಡಿಗೆ ಸಿಗುವುದು ಅದರ ಅರ್ಧ ಮಾತ್ರ. ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡ 9×39 ಮಿಲಿಮೀಟರ್ ಕಾಡತೂಸು ಇದೇ ತರ್ಕವನ್ನು ಇನ್ನೊಂದು ಬಗೆಯಲ್ಲಿ ಅನುಸರಿಸಿತು: ಸುಮಾರು 16 ಗ್ರಾಂ ತೂಕದ ದಪ್ಪ ಗುಂಡು, ಸೆಕೆಂಡಿಗೆ ಸುಮಾರು 290 ಮೀಟರ್ ವೇಗ, ಸುಮಾರು 670 ಜೌಲ್. ಬೇರೆ ಬೇರೆ ಕಡೆ ಹುಟ್ಟಿದ ಎರಡು ವಿನ್ಯಾಸಗಳು ಇಷ್ಟು ಹತ್ತಿರ ಬಂದು ನಿಂತಿರುವುದು ನನಗೆ ಈ ವಿಷಯದ ಅತ್ಯಂತ ಚೆಂದದ ಪಾಠವಾಗಿ ಕಾಣುತ್ತದೆ.

ಹಾಗಿದ್ದರೆ ಒಂದೇ ತೂಕದ ಎರಡು ಮದ್ದುಗುಂಡುಗಳಲ್ಲಿ ಯಾವುದು ಮೇಲು ಎಂದು ಹೇಗೆ ತಿಳಿಯಬೇಕು? ನನ್ನ ದೃಷ್ಟಿಯಲ್ಲಿ ನೋಡಬೇಕಾದದ್ದು ಸರಾಸರಿ ವೇಗವನ್ನಲ್ಲ, ಒಂದು ಗುಂಡಿನಿಂದ ಇನ್ನೊಂದಕ್ಕೆ ವೇಗ ಎಷ್ಟು ಏರುಪೇರಾಗುತ್ತದೆ ಎಂಬುದನ್ನು. ಗಾಳಿಯ ಎಳೆತವನ್ನು ಬದಿಗಿಟ್ಟು ಲೆಕ್ಕ ಹಾಕೋಣ. 315 ಮೀಟರ್ ವೇಗದ ಗುಂಡು 200 ಮೀಟರ್ ದೂರ ತಲುಪುವಷ್ಟರಲ್ಲಿ ಸುಮಾರು 1.98 ಮೀಟರ್ ಕೆಳಗಿಳಿದಿರುತ್ತದೆ; ವೇಗ 305ಕ್ಕೆ ಇಳಿದರೆ ಇಳಿತ 2.11 ಮೀಟರ್ ಆಗುತ್ತದೆ. ಕೇವಲ 10 ಮೀಟರ್ ವೇಗದ ವ್ಯತ್ಯಾಸ ಗುರಿಯಲ್ಲಿ 13 ಸೆಂಟಿಮೀಟರ್ ಆಗಿ ತೋರುತ್ತದೆ. 675 ಮೀಟರ್ ವೇಗದ ಗುಂಡಿನಲ್ಲಿ ಅಷ್ಟೇ ವ್ಯತ್ಯಾಸ ಉಂಟುಮಾಡುವುದು ಸುಮಾರು 1.3 ಸೆಂಟಿಮೀಟರ್. ಇಳಿತವು ವೇಗದ ವರ್ಗಕ್ಕೆ ವಿಲೋಮವಾಗಿರುವುದರಿಂದ, ವೇಗದ ಸಣ್ಣ ತಪ್ಪಿಗೆ ಇಳಿತದಲ್ಲಾಗುವ ಬದಲಾವಣೆ ವೇಗದ ಘನಕ್ಕೆ ವಿಲೋಮವಾಗಿ ಬೆಳೆಯುತ್ತದೆ. ಈ ಹತ್ತು ಪಟ್ಟಿನ ಅಂತರಕ್ಕೆ ಕಾರಣ ಅದೇ. ಆದುದರಿಂದ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಮೂರು ಗುಂಡು ಹಾರಿಸಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಒಂದೇ ನಳಿಕೆ, ಒಂದೇ ತಾಪಮಾನ, ಪ್ರತಿ ಬಗೆಗೂ ಕನಿಷ್ಠ 20 ಗುಂಡುಗಳಾದರೂ ಇದ್ದರೆ ಪ್ರಮಾಣ ವಿಚಲನೆಗೆ, ಅಂದರೆ ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಗೆ, ಅರ್ಥ ಬರುತ್ತದೆ.

ಸ್ಥಿರತೆಯ ಪ್ರಶ್ನೆ ಇನ್ನೊಂದು. ಭಾರದ ಗುಂಡು ಉದ್ದವಾಗಿರುತ್ತದೆ, ಉದ್ದದ ಗುಂಡಿಗೆ ಹೆಚ್ಚು ಬಿರುಸಿನ ತಿರುಗು ಬೇಕು; ಆ ತಿರುಗನ್ನು ಕೊಡುವುದು ನಳಿಕೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳು. 1879ರಲ್ಲಿ ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ ಕೊಟ್ಟ ಸೂತ್ರದಂತೆ, 150ನ್ನು ವ್ಯಾಸದ ವರ್ಗದಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, 7.82 ಮಿಲಿಮೀಟರ್ ವ್ಯಾಸದ, 38 ಮಿಲಿಮೀಟರ್ ಉದ್ದದ ಗುಂಡಿಗೆ ಸುಮಾರು 240 ಮಿಲಿಮೀಟರ್‌ಗೆ ಒಂದು ಸುತ್ತು ಸಾಕೆನ್ನುತ್ತದೆ. ನಿಧಾನವಾಗಿ ಹೊರಡುವ ಗುಂಡಿಗೆ ಆ ಲೆಕ್ಕದಲ್ಲಿ ಉಳಿಯುವ ಅಂಚು ತೀರ ಕಡಿಮೆ; .300 ಬ್ಲ್ಯಾಕ್‌ಔಟ್ ನಳಿಕೆಗಳಲ್ಲಿ 203 ಮಿಲಿಮೀಟರ್, ಅಂದರೆ 8 ಅಂಗುಲದ ಸುತ್ತು ಸಾಮಾನ್ಯವಾಗಿರುವುದು ಇದಕ್ಕೇ. ಸೂತ್ರದಲ್ಲಿರುವುದು ಉದ್ದವೇ ಹೊರತು ತೂಕವಲ್ಲ ಎಂಬುದನ್ನು ಗಮನಿಸಬೇಕು: ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆಯಾದ್ದರಿಂದ, ಅಷ್ಟೇ ತೂಕದ, ಅಷ್ಟೇ ವ್ಯಾಸದ ತಾಮ್ರದ ಗುಂಡು ಇನ್ನೂ ಉದ್ದವಾಗುತ್ತದೆ.

ಕೊನೆಯದಾಗಿ ಗುರಿಯಲ್ಲಿನ ವರ್ತನೆ. ಹೆಚ್ಚಿನ ವೇಗಕ್ಕಾಗಿ ರೂಪಿಸಿದ ಬೇಟೆಯ ಗುಂಡು 300 ಮೀಟರ್ ವೇಗದಲ್ಲಿ ಅರಳದೆ, ಅಂದರೆ ಗುರಿಯೊಳಗೆ ಅದರ ತುದಿ ಅಗಲವಾಗದೆ, ಹಾಗೆಯೇ ಹಾದುಹೋಗಬಹುದು. ಆದ್ದರಿಂದ ಹೋಲಿಕೆಗೆಂದು ನಾನು ಮಾಡಿಕೊಂಡ ಕೋಷ್ಟಕದಲ್ಲಿ ಚಲನಶಕ್ತಿಯ ಪಕ್ಕದಲ್ಲೇ, ಆ ಗುಂಡು ಅರಳಲು ತಯಾರಕರು ಸೂಚಿಸಿರುವ ಕನಿಷ್ಠ ವೇಗಕ್ಕೂ ಒಂದು ಕಲಂ ಇಟ್ಟಿದ್ದೇನೆ.