ತಮಟೆ ಸದ್ದು ಎಲ್ಲರಿಗೂ ಬೇಕು, ಬಡಿದವರ ಹೆಸರು?

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ತಮಟೆಗೆ ಪದ್ಮಶ್ರೀ! ಕೋಲಾರ, ಚಿಕ್ಕಬಳ್ಳಾಪುರದ ಕಡೆ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅವರದೇ ಫೋಟೊ. ನಮ್ಮೂರಿನವರು ಅಂತ ಹೇಳಿಕೊಂಡವರಲ್ಲಿ ತಮಟೆಯವರನ್ನು ಅಂಗಳದಾಚೆ ನಿಲ್ಲಿಸಿ ಕಾಸು ಕೊಟ್ಟು ಕಳಿಸಿದ ಮನೆಯವರೂ ಇದ್ದರು, ಇರಲಿ. ಈಗ ಅವರೊಬ್ಬರನ್ನು ಬಿಟ್ಟು ಇನ್ನೊಬ್ಬ ತಮಟೆ ಕಲಾವಿದರ ಹೆಸರು ಹೇಳಿ ನೋಡೋಣ. ಸಿನಿಮಾ ಹಾಡಲ್ಲಿ ತಮಟೆ ಕೇಳಿದ್ದೀವಿ, ರಾಜಕೀಯ ಮೆರವಣಿಗೆಯಲ್ಲಿ ಕೇಳಿದ್ದೀವಿ, ಊರಹಬ್ಬದಲ್ಲಂತೂ ಕೇಳಿ ಕುಣಿದಿದ್ದೀವಿ. ಬಡಿದವರು ಯಾರು?

ಸಂಗೀತದ ವ್ಯಾಪಾರದಲ್ಲಿ ಬಣ್ಣಭೇದ ಅಂದಕೂಡಲೇ ಅದು ಅಮೆರಿಕದ ಕಥೆ, ನಮಗೇನು ಅನ್ನಿಸುತ್ತದೆ. ಜಾತಿ ಬೇರೆ, ಜನಾಂಗ ಬೇರೆ ಅನ್ನುವ ವಾದವೂ ಇದೆ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ ಜಾತಿಯನ್ನೂ ಅಲ್ಲಿ ಚರ್ಚೆಗೆ ತೆಗೆದುಕೊಳ್ಳಿ ಅಂತ ದಲಿತ ಸಂಘಟನೆಗಳು ಕೇಳಿದವು, ಭಾರತ ಸರ್ಕಾರ ಒಪ್ಪಲಿಲ್ಲ. ಆ ವಾದ ಮುಗಿಯುವಂಥದ್ದಲ್ಲ. ನಾನು ಇಲ್ಲಿ ನೋಡಲು ಹೊರಟಿರುವುದು ಬರೀ ಎರಡು ವಿಷಯ: ಹೆಸರು ಮತ್ತು ದುಡ್ಡು. ಹೆಸರು ತಪ್ಪಿದ ಕಡೆ ದುಡ್ಡೂ ತಪ್ಪಿದೆ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಮೊದಲು ನಮ್ಮ ಕಡೆಯದು. ತಮಟೆ ಬಡಿಯುವುದು ಸುಮ್ನೆ ಬರುವ ಕೆಲಸವಲ್ಲ. ಬಡಿಯುವ ಮುಂಚೆ ಒಣಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಬೇಕು, ಬೆರಳಲ್ಲಿ ತಟ್ಟಿ ನೋಡಬೇಕು, ಸದ್ದು ಏರಿದೆ ಅನ್ನಿಸಿದ ಮೇಲೇ ಹೆಗಲಿಗೆ ಹಾಕುವುದು. ಮೋಡ ಮುಚ್ಚಿದ ದಿನ ಚರ್ಮ ಬೇಗ ಸಡಿಲವಾಗುತ್ತದೆ. ಮೆರವಣಿಗೆ ಮಧ್ಯದಲ್ಲೇ ಒಬ್ಬೊಬ್ಬರಾಗಿ ಪಕ್ಕಕ್ಕೆ ಹೋಗಿ ಮತ್ತೆ ಕಾಯಿಸಿಕೊಂಡು ಬಂದು ಸೇರಿಕೊಳ್ಳಬೇಕು, ಗತ್ತು, ಅಂದರೆ ಬಡಿತದ ವರಸೆ, ಮಾತ್ರ ಎಲ್ಲೂ ಮುರಿಯಬಾರದು. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ಉದ್ದನೆಯ ತೆಳು ಕಡ್ಡಿ. ಕೋಲು ಏಟು ಕೊಟ್ಟರೆ, ಏಟಿಗೂ ಏಟಿಗೂ ನಡುವಿನ ಜಾಗವನ್ನು ಕಡ್ಡಿ ತುಂಬುತ್ತದೆ. ಸಾವಿಗೆ ಒಂದು ಗತ್ತು, ದೇವರು ಹೊರಡುವುದಕ್ಕೆ ಒಂದು, ಕುಣಿಯುವವರಿಗೆ ಇನ್ನೊಂದು. ಹಳಬರು ಮನೆಯೊಳಗೆ ಕೂತೇ ಸದ್ದು ಕೇಳಿ ಊರಲ್ಲಿ ಏನಾಗಿದೆ ಅಂತ ಹೇಳುತ್ತಿದ್ದರು.

ಇಷ್ಟು ವಿದ್ಯೆಗೆ ಸಿಗುತ್ತಿದ್ದದ್ದು ಏನು? ಸುಗ್ಗಿಯಲ್ಲಿ ಕಣದ ಹತ್ತಿರ ಒಂದಿಷ್ಟು ರಾಗಿ, ಹಬ್ಬದಲ್ಲಿ ಹಳೇ ಪಂಚೆ. ಯಾಕೆಂದರೆ ಅದನ್ನು ಯಾರೂ ಸಂಗೀತ ಅಂದುಕೊಂಡಿರಲಿಲ್ಲ. ಅದು ಚಾಕರಿ. ಸತ್ತ ದನ ಹೊರುವುದು, ಡಂಗೂರ ಸಾರುವುದು, ಸಾವಿನ ಸುದ್ದಿ ಪಕ್ಕದೂರಿಗೆ ಮುಟ್ಟಿಸುವುದು, ಇವುಗಳ ಜೊತೆಗೆ ಇದೂ ಒಂದು. ಬರಲ್ಲ ಅನ್ನುವ ಹಾಗಿರಲಿಲ್ಲ.

ಬರಲ್ಲ ಅಂತ ಜೋರಾಗಿ ಅಂದದ್ದು 1970ರ ದಶಕದಿಂದೀಚೆಗೆ, ದಲಿತ ಸಂಘರ್ಷ ಸಮಿತಿ ಬಂದ ಮೇಲೆ. ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಜನಸಂಖ್ಯೆಯ ಶೇಕಡ 30ರಷ್ಟಿದ್ದಾರೆ, ರಾಜ್ಯದಲ್ಲೇ ಹೆಚ್ಚು (2011ರ ಜನಗಣತಿ). ಚಳವಳಿ ಇಲ್ಲಿ ಗಟ್ಟಿಯಾಗಿ ಬೇರು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಚಳವಳಿಯ ಒಳಗೇ ತಮಟೆ ಬಗ್ಗೆ ಎರಡು ಮನಸ್ಸಿತ್ತು. ಕೆಲವರು ಅದನ್ನು ಕೈಯಿಂದ ಕೆಳಗಿಡಿ ಅಂದರು, ಅದು ಅವಮಾನದ ಗುರುತು, ಮಕ್ಕಳ ಕೈಗೆ ಪುಸ್ತಕ ಕೊಡಿ ಅಂದರು. ಇನ್ನು ಕೆಲವರು ಅದನ್ನೇ ಎತ್ತಿಕೊಂಡು ಹೋರಾಟದ ವೇದಿಕೆಗೆ ಹತ್ತಿದರು. ಸಿದ್ದಲಿಂಗಯ್ಯನವರ ಕವಿತೆಗಳು ಊರೂರಲ್ಲಿ ಹಾಡಾದದ್ದು ಈ ಕಾಲದಲ್ಲೇ. ಎರಡೂ ಕಡೆಯವರ ಮಾತಲ್ಲಿ ನ್ಯಾಯವಿದೆ ಅಂತಲೇ ನನಗನ್ನಿಸುತ್ತದೆ. ಕಲೆ ಉಳಿಸಿ ಅಂತ ಉಪದೇಶ ಮಾಡುವುದು, ಆ ಕಲೆಗಾಗಿ ಬೈಸಿಕೊಳ್ಳದೆ ಬೆಳೆದವರಿಗೆ ಸುಲಭ ಅಲ್ವಾ?

ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಅನ್ನುವ ಸಾಂಸ್ಕೃತಿಕ ಕೇಂದ್ರ ಎರಡನೆಯ ದಾರಿ ಹಿಡಿಯಿತು. ಹುಣ್ಣಿಮೆ ರಾತ್ರಿ ಹಾಡು, ನಾಟಕ, ತಮಟೆ. ಅಲ್ಲಿ ತಮಟೆ ಬಡಿಯುವವರು ಯಾರ ಮುಂದೆಯೂ ಕೈ ಚಾಚಿ ನಿಂತ ಚಾಕರಿಯವರಲ್ಲ. ಬೆಟ್ಟ ಇಳಿದ ಮೇಲಿನ ಕಥೆ ಬೇರೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ದೇಶಾದ್ಯಂತ ಸುದ್ದಿಯಾಯಿತು. ನಮ್ಮ ಕಡೆ ಹಬ್ಬಗಳ ಲೆಕ್ಕವೇ ಹಾಗೆ. ದೇವರು ಹೊರಡಬೇಕಾದರೆ ಕೇರಿಯ ತಮಟೆ ಬೇಕು, ಕೇರಿಯ ಕೈ ಮಾತ್ರ ದೇವರಿಗೆ ತಾಕಬಾರದು.

ಈಗ ಸಮುದ್ರದ ಆಚೆಗೆ ಹೋಗೋಣ. 1920ರಲ್ಲಿ ಓಕೆ ಅನ್ನುವ ಅಮೆರಿಕದ ರೆಕಾರ್ಡ್ ಕಂಪನಿ ಮ್ಯಾಮಿ ಸ್ಮಿತ್ ಅನ್ನುವ ಕಪ್ಪು ಗಾಯಕಿಯ ಬ್ಲೂಸ್ ಹಾಡನ್ನು ಮುದ್ರಿಸಿತು. ರೆಕಾರ್ಡಿನ ತಟ್ಟೆಗಳು ಬಿಸಿಬಿಸಿಯಾಗಿ ಮಾರಾಟವಾದವು. ಕಪ್ಪು ಜನ ದುಡ್ಡು ಕೊಟ್ಟು ರೆಕಾರ್ಡ್ ಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಆಗ ಗೊತ್ತಾಯಿತು. ಕೂಡಲೇ ಅವರಿಗಾಗಿ 'ರೇಸ್ ರೆಕಾರ್ಡ್ಸ್' (ರೇಸ್ ಅಂದರೆ ಜನಾಂಗ) ಅಂತ ಬೇರೆ ಪಟ್ಟಿ, ಬೇರೆ ಜಾಹೀರಾತು. ಹೋಟೆಲಲ್ಲಿ ಬೇರೆ ಲೋಟ ಇಟ್ಟ ಹಾಗೆ. ಬಿಲ್‌ಬೋರ್ಡ್ ಪತ್ರಿಕೆ 1949ರಲ್ಲಿ ಆ ಹೆಸರನ್ನು ತೆಗೆದು 'ರಿದಮ್ ಆಂಡ್ ಬ್ಲೂಸ್' ಅಂತ ಮಾಡಿತು. ಹೆಸರು ಬದಲಾಯಿತು, ಪಟ್ಟಿ ಬೇರೆಯಾಗಿಯೇ ಉಳಿಯಿತು.

ದಕ್ಷಿಣ ಆಫ್ರಿಕಾದ ಸಾಲಮನ್ ಲಿಂಡಾ ಕಥೆ ಇದಕ್ಕಿಂತ ಕಹಿ. ಜುಲು ಜನಾಂಗದ ಈ ಹಾಡುಗಾರ 1939ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ತನ್ನ ತಂಡದ ಜೊತೆ ಸಿಂಹದ ಬಗ್ಗೆ ಒಂದು ಹಾಡು ಮುದ್ರಿಸಿದ. ಹಕ್ಕು ಬರೆದುಕೊಟ್ಟದ್ದಕ್ಕೆ ಸಿಕ್ಕಿದ್ದು ಹತ್ತು ಶಿಲ್ಲಿಂಗ್. ಆ ತಟ್ಟೆ ಅಮೆರಿಕಕ್ಕೆ ಹೋಯಿತು. 1950ರ ದಶಕದ ಶುರುವಿನಲ್ಲಿ ಅಲ್ಲಿನ ವೀವರ್ಸ್ ತಂಡ ಅದನ್ನು ಹಾಡಿ ಹಿಟ್ ಮಾಡಿತು. ರಚನೆ ಯಾರದ್ದು ಅನ್ನುವ ಜಾಗದಲ್ಲಿ 'ಪಾಲ್ ಕ್ಯಾಂಪ್‌ಬೆಲ್' ಅಂತ ಹಾಕಿದರು. ಹಾಗಂತ ಒಬ್ಬ ಮನುಷ್ಯನೇ ಇರಲಿಲ್ಲ! ಯಾರದ್ದೂ ಅಲ್ಲದ ಜನಪದ ಹಾಡುಗಳಿಗೆ ಹಕ್ಕು ಕಟ್ಟಿಕೊಳ್ಳಲು ಅವರು ಇಟ್ಟುಕೊಂಡಿದ್ದ ಸುಳ್ಳು ಹೆಸರು ಅದು. ಹೆಸರಿಲ್ಲದವರಿಗೆ ಹೆಸರು ಕೊಡಲಿಲ್ಲ, ಇಲ್ಲದ ಮನುಷ್ಯನಿಗೆ ಕೊಟ್ಟರು. 1961ರಲ್ಲಿ ಇನ್ನೊಂದು ತಂಡ ಹೊಸ ಸಾಹಿತ್ಯ ಹಾಕಿ ಅದನ್ನು ಪ್ರಪಂಚಕ್ಕೆಲ್ಲ ಮುಟ್ಟಿಸಿತು. ಮರುವರ್ಷ ಲಿಂಡಾ ಬಡವನಾಗೇ ಸತ್ತ. ಮುಂದೆ ಡಿಸ್ನಿಯ ಸಿಂಹದ ಸಿನಿಮಾದಲ್ಲೂ ಆ ಹಾಡು ಬಂದು, ಹೆಣ್ಣುಮಕ್ಕಳು 2004ರಲ್ಲಿ ಕೋರ್ಟಿಗೆ ಹೋಗಿ, 2006ರಲ್ಲಿ ರಾಜಿಯಾಗಿ ದುಡ್ಡು ಬರುವ ಹಾಗಾಯಿತು.

ತಮಟೆಯವರಿಗೆ ಹತ್ತಿರದ ಕಥೆ ಅಂದರೆ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರದ್ದು. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್. 1969ರಲ್ಲಿ ಮುದ್ರಣವಾದ ಒಂದು ಹಾಡಿನ ನಡುವೆ ಕೆಲವು ಸೆಕೆಂಡು ಅವರೊಬ್ಬರದೇ ಡ್ರಮ್ ಇದೆ. ಆ ತುಣುಕನ್ನು ಕತ್ತರಿಸಿ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಸಿದ್ದಾರೆ, ಹಿಪ್‌ಹಾಪ್ ನಿಂತಿರುವುದೇ ಇಂಥ ತುಣುಕುಗಳ ಮೇಲೆ. ಹಾಡಿನ ರಚನೆಯ ಹಕ್ಕು ಬ್ರೌನ್ ಹೆಸರಲ್ಲಿ. ಡ್ರಮ್ಮಿನ ಗತ್ತು ರಚನೆ ಅನ್ನಿಸಿಕೊಳ್ಳುವುದಿಲ್ಲ, ರಾಗ ಮತ್ತು ಸಾಹಿತ್ಯ ಮಾತ್ರ ರಚನೆ. ಹಾಗಾಗಿ ಸ್ಟಬಲ್‌ಫೀಲ್ಡ್‌ಗೆ ಆ ಬಳಕೆಯಿಂದ ರಾಯಲ್ಟಿ, ಅಂದರೆ ಬಳಸಿದ್ದಕ್ಕೆ ಸಿಗುವ ಪಾಲು, ಬರಲಿಲ್ಲ. 2017ರಲ್ಲಿ ತೀರಿಕೊಂಡರು.

ನಮ್ಮ ದೇಶದ ರೆಕಾರ್ಡ್ ವ್ಯಾಪಾರವೂ ಶುರುವಾದದ್ದು ಸಮಾಜ ದೂರ ಇಟ್ಟವರ ಗಂಟಲಿನಿಂದಲೇ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ತವಾಯಫ್, ಅಂದರೆ ಹಾಡಿ ಕುಣಿಯುವುದನ್ನೇ ಕಸುಬು ಮಾಡಿಕೊಂಡವರು. ಮರ್ಯಾದಸ್ಥರ ಮನೆಯ ಹೆಂಗಸರು ಆಗ ಹಾಡಲು ಬರುತ್ತಿರಲಿಲ್ಲ. ಗೌಹರ್ ಹಾಡಿನ ಕೊನೆಯಲ್ಲಿ ನಾನು ಗೌಹರ್ ಜಾನ್ ಅಂತ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಮುದ್ರಣ ಜರ್ಮನಿಯಲ್ಲಿ ಆಗುತ್ತಿತ್ತು, ಅಲ್ಲಿನವರಿಗೆ ಯಾರ ತಟ್ಟೆ ಅಂತ ಗೊತ್ತಾಗಬೇಕಿತ್ತು. ಕಾರಣ ಏನೇ ಇರಲಿ, ಹೆಸರು ತಟ್ಟೆಯ ಮೇಲೇ ಉಳಿಯಿತು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಲ್ಲಿ, 1930ರಲ್ಲಿ, ಅರಮನೆಯ ಆಶ್ರಯದಲ್ಲಿದ್ದಾಗ. ದಕ್ಷಿಣದಲ್ಲಿ ಬೆಂಗಳೂರು ನಾಗರತ್ನಮ್ಮನಂಥ ದೇವದಾಸಿ ಮನೆತನದ ಗಾಯಕಿಯರ ತಟ್ಟೆಗಳು ಮಾರಾಟವಾದವು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ನಾಗರತ್ನಮ್ಮನೇ, ಆದರೆ ಅಲ್ಲಿನ ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಜಾಗವಿರಲಿಲ್ಲ. ಆಕೆ ಜಗಳ ಆಡಿಯೇ ಜಾಗ ಗಿಟ್ಟಿಸಬೇಕಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಆಕಾಶವಾಣಿ ಇಂಥ ಮನೆತನದ ಗಾಯಕಿಯರಿಗೆ, ನಡತೆಯ ಮಾತೆತ್ತಿ, ಬಾಗಿಲು ಹಾಕಿತು. ಮೃದಂಗದ್ದೂ ಇದೇ ಹಾಡು. ಚರ್ಮ ಹದ ಮಾಡಿ ಮೃದಂಗ ಕಟ್ಟುವವರ ಜಾತಿ ಬಗ್ಗೆ ಗಾಯಕ ಟಿ.ಎಂ. ಕೃಷ್ಣ ಪುಸ್ತಕ ಬರೆದಾಗ, 2020ರಲ್ಲಿ, ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ತೆಗೆದುಕೊಂಡಿತು.

ಇನ್ನು ಕಾನೂನು. ಸ್ವಲ್ಪ ಒಣ ವಿಷಯ, ಆದರೆ ಗಂಟು ಇರುವುದು ಇಲ್ಲೇ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರಲ್ಲಿ ಹಾಡಿದವರಿಗೆ, ನುಡಿಸಿದವರಿಗೆ ಅಂತ ಹಕ್ಕೇ ಇರಲಿಲ್ಲ. ಬರೆದವರಿಗೆ, ರಾಗ ಹಾಕಿದವರಿಗೆ, ಮುದ್ರಿಸಿದ ಕಂಪನಿಗೆ ಮಾತ್ರ. 1994ರಲ್ಲಿ ಕಲಾವಿದರ ಹಕ್ಕು ಅಂತ ಒಂದು ಸೇರಿಸಿದರು. 2012ರ ತಿದ್ದುಪಡಿಯಲ್ಲಿ ರಾಯಲ್ಟಿಯ ಮಾತೂ ಬಂತು. ಈ ಹಕ್ಕು 50 ವರ್ಷ ಇರುತ್ತದೆ. ಒಳ್ಳೆಯದೇ. ಆದರೆ ಅದೇ 2012ರಲ್ಲಿ ಒಂದು ಬಾಲವನ್ನೂ ಅಂಟಿಸಿದರು. ಸಿನಿಮಾದಲ್ಲಿ ಒಬ್ಬರ ಕೆಲಸ ಸಣ್ಣದು, ಪ್ರಾಸಂಗಿಕವಾದದ್ದು ಆಗಿದ್ದು, ಉದ್ಯಮದ ರೂಢಿಯ ಪ್ರಕಾರ ಅವರ ಹೆಸರನ್ನು ಎಲ್ಲೂ ಹಾಕದಿದ್ದರೆ, ಅವರನ್ನು ಕಲಾವಿದರು ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರಿಗೆ ಉಳಿಯುವುದು ಒಂದೇ: ತಮ್ಮ ಪ್ರದರ್ಶನವನ್ನು ಕೆಡಿಸಿ, ತಿರುಚಿ ಮರ್ಯಾದೆಗೆ ಕುಂದು ತಂದರೆ ಕೇಳಬಹುದು.

ಇದನ್ನು ಇನ್ನೊಮ್ಮೆ ಓದಿ. ಹೆಸರು ಹಾಕುವ ರೂಢಿ ಇಲ್ಲ, ಆದ್ದರಿಂದ ಹಕ್ಕಿಲ್ಲ. ರೂಢಿ ಯಾಕಿಲ್ಲ? ಊರಲ್ಲಿ ಇರಲಿಲ್ಲ, ಸ್ಟುಡಿಯೊದಲ್ಲೂ ಬರಲಿಲ್ಲ. ನಮ್ಮ ಕಡೆಯ ತಂಡ ಬೆಂಗಳೂರಿಗೆ ಹೋಗಿ ಬಡಿದು ಬಂದರೆ ಕೈಗೆ ದಿನದ ಕೂಲಿ, ಬಸ್ ಚಾರ್ಜು, ಊಟ. ತೆರೆಯ ಮೇಲೆ ಹೆಸರು ಬಂದರೆ ತಂಡದ ಯಜಮಾನರದ್ದೊಂದು ಬರಬಹುದು. ಮುದ್ರಿಸಿಕೊಂಡ ಗತ್ತು ಸ್ಟುಡಿಯೊದ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಮುಂದಿನ ಹಾಡಿಗೆ ಆ ತಂಡವನ್ನು ಕರೆಯಲೇಬೇಕು ಅಂತಿಲ್ಲ.

ಈ ಗಂಟು ಎಲ್ಲರಿಗೂ ಕಾಣಿಸಿದ್ದು 2021ರಲ್ಲಿ, ತಮಿಳಿನಲ್ಲಿ. ಅರಿವು ಅನ್ನುವ ದಲಿತ ಹಾಡುಗಾರ ತನ್ನ ಅಜ್ಜಿಯ ಕಥೆಯಿಂದ, ಸಿಲೋನಿನ ತೋಟಗಳಲ್ಲಿ ದುಡಿದವರ ನೆನಪಿನಿಂದ ಬರೆದು ಹಾಡಿದ 'ಎಂಜಾಯ್ ಎಂಜಾಮಿ' ಕೋಟಿಗಟ್ಟಲೆ ಜನರನ್ನು ಮುಟ್ಟಿತು. ಆ ಹಾಡಿನ ಹೆಸರಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆ ಮುಖಪುಟ ಮಾಡಿದಾಗ ಅರಿವು ಅದರಲ್ಲಿರಲಿಲ್ಲ. ಸಿನಿಮಾ ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಕೇಳಿದರು, ಗಲಾಟೆಯಾಯಿತು, ಆಮೇಲೆ ಅರಿವು ಇರುವ ಇನ್ನೊಂದು ಮುಖಪುಟ ಆನ್‌ಲೈನಿನಲ್ಲಿ ಬಂತು. ನಮ್ಮ ಕೆಜಿಎಫ್‌ನವರಿಗೆ ಆ ಹಾಡು ಪರರದ್ದು ಅನ್ನಿಸಿರಲಿಕ್ಕಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಗಣಿ ತೋಡಿದಾಗ ಉತ್ತರ ಆರ್ಕಾಟಿನ ಕಡೆಯಿಂದ ಬಂದು ನೆಲದಡಿ ಇಳಿದವರಲ್ಲಿ ದಲಿತರೇ ಜಾಸ್ತಿ. ಬಿಳಿಯರಿಗೆ ಬಂಗಲೆ, ಕ್ಲಬ್ಬು. ಇವರಿಗೆ ಲೈನ್ ಮನೆ. 2001ರಲ್ಲಿ ಗಣಿ ಮುಚ್ಚಿತು, ಲೈನ್ ಮನೆ ಉಳಿಯಿತು.

ಅಮೆರಿಕದಲ್ಲಿ 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಕೊಲೆಯಾದ ಮೇಲೆ ಜಮೀಲಾ ಥಾಮಸ್, ಬ್ರಿಯಾನಾ ಅಗ್ಯೆಮಾಂಗ್ ಅನ್ನುವ ಇಬ್ಬರು ಕಪ್ಪು ಹೆಣ್ಣುಮಕ್ಕಳು, ಸಂಗೀತ ಕಂಪನಿಗಳಲ್ಲೇ ಪಳಗಿದವರು, ಜೂನ್ 2ರಂದು ಕೆಲಸ ನಿಲ್ಲಿಸಿ ಅಂತ ಕರೆ ಕೊಟ್ಟರು. ಎಲ್ಲರ ಇನ್‌ಸ್ಟಾಗ್ರಾಮ್ ಕಪ್ಪು ಚೌಕಗಳಿಂದ ತುಂಬಿಹೋಯಿತು. ಚೌಕಗಳಿಂದ ಏನಾಯಿತೋ ದೇವರಿಗೇ ಗೊತ್ತು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಬಿಎಂಜಿ ಅನ್ನುವ ದೊಡ್ಡ ಕಂಪನಿ, ತಾನು ಕೊಂಡುಕೊಂಡಿದ್ದ ಹಳೇ ಲೇಬಲ್‌ಗಳ ಒಪ್ಪಂದಗಳನ್ನು ಬಿಚ್ಚಿ ನೋಡಿತು. 15 ಸಂಗ್ರಹಗಳಲ್ಲಿ 4ರಲ್ಲಿ ಕಪ್ಪು ಕಲಾವಿದರಿಗೆ ರಾಯಲ್ಟಿ ಕಡಿಮೆ ಇದ್ದದ್ದು ಕಾಣಿಸಿತು ಅಂತ ಅದೇ ವರ್ಷ ತಾನೇ ಹೇಳಿತು. ಯಾರೋ ಹೋರಾಟಗಾರರು ಮಾಡಿದ ಆರೋಪ ಅಲ್ಲ, ಕಂಪನಿಯದೇ ಲೆಕ್ಕದ ಪುಸ್ತಕ.

ನಮ್ಮಲ್ಲಿ ಬಿಚ್ಚಿ ನೋಡೋಣ ಅಂದರೆ ಪುಸ್ತಕವೇ ಇಲ್ಲ. ತಮಟೆ ತಂಡಗಳ ಒಪ್ಪಂದ ಫೋನಿನಲ್ಲಿ, ಬಾಯಿಮಾತಲ್ಲಿ ಮುಗಿದುಹೋಗುತ್ತದೆ. ಸರ್ಕಾರದ ಮಾಸಾಶನ ಇದೆ, ಅಕಾಡೆಮಿ ಪ್ರಶಸ್ತಿ ಇದೆ, ಅವೆಲ್ಲ ವಯಸ್ಸಾದ ಮೇಲೆ ಬರುವಂಥವು. ದುಡಿಯುವ ವಯಸ್ಸಿನಲ್ಲಿ, ಡಿಜೆಗೆ ಕೇಳಿದಷ್ಟು ಕೊಟ್ಟವರೇ ತಮಟೆಯವರ ಹತ್ತಿರ ಚೌಕಾಸಿಗೆ ನಿಲ್ಲುತ್ತಾರೆ. ಜಾತ್ರೆ ವೇದಿಕೆಯ ಮೇಲೆ ದಾನಿಗಳ ಹೆಸರನ್ನು ಊರು, ಅಪ್ಪನ ಹೆಸರು ಸಮೇತ ಓದುತ್ತಾರೆ. ಇವರ ಸರದಿ ಬಂದಾಗ 'ಈಗ ತಮಟೆ ತಂಡದಿಂದ' ಅಷ್ಟೇ.

2012ರ ಆ ಬಾಲವನ್ನು ಕತ್ತರಿಸುವುದು ಪಾರ್ಲಿಮೆಂಟಿನ ಕೆಲಸ, ಯಾವಾಗ ಆಗುತ್ತೋ. ಅಲ್ಲಿಯವರೆಗೆ ತಂಡದವರು ಸ್ಟುಡಿಯೊಗೆ ಹೋಗುವ ಮುಂಚೆ ಎರಡು ಸಾಲನ್ನು ಕಾಗದದ ಮೇಲೆ ಬರೆಸಿಕೊಳ್ಳಬಹುದು: ಬಡಿದ ಪ್ರತಿಯೊಬ್ಬರ ಹೆಸರೂ ತೆರೆಯ ಮೇಲೆ ಮತ್ತು ಯೂಟ್ಯೂಬಿನ ವಿವರದಲ್ಲಿ ಬರಬೇಕು, ಮುದ್ರಿಸಿಕೊಂಡ ಗತ್ತನ್ನು ಇನ್ನೊಂದು ಹಾಡಿಗೆ ಬಳಸಿದರೆ ಮತ್ತೆ ದುಡ್ಡು ಕೊಡಬೇಕು. ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ ಅಂದರೆ ಕೂಲಿಯನ್ನು ಅದಕ್ಕೆ ತಕ್ಕ ಹಾಗೆ ಜಾಸ್ತಿ ಕೇಳಲಿ. ಆ ಹಾಡಿನಿಂದ ಅವರಿಗೆ ಬರುವುದು ಅಲ್ಲಿಗೆ ಮುಗಿಯಿತು ತಾನೇ.