ರೊಮಾನೊ, ಲೊಂಬಾರ್ಡೊ, ಜೆನೊವೇಸೆ: ಇವರೆಲ್ಲ ಆಯಾ ಊರಿನವರೇನಾ?

ಓದುಗರ ಪ್ರಶ್ನೆ: ಇಟಲಿಯಲ್ಲಿ ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡವರು ತುಂಬಾ ಜನ. ಜೆನೊವೇಸೆ ಅಂದರೆ ಜೆನೋವಾದಲ್ಲಿ ಇರುವವರು ಅಂತಾನಾ?

ಹೆಚ್ಚಾಗಿ ಇದು ಉಲ್ಟಾ. ಅದು ಊರು ಬಿಟ್ಟು ಬಂದವರ ಹೆಸರು. ಜೆನೋವಾದಲ್ಲಿ ಎಲ್ಲರೂ ಜೆನೋವಾದವರೇ, ಅಲ್ವಾ? ಅಲ್ಲಿ ಒಬ್ಬನನ್ನು ಹಾಗೆ ಕರೆದರೆ ಯಾರು ಅಂತ ಗೊತ್ತಾಗೋದು ಹೇಗೆ? ಅವನು ನೇಪಲ್ಸ್‌ಗೆ ಬಂದು ಅಂಗಡಿ ಹಾಕಿದಾಗ ಅಕ್ಕಪಕ್ಕದವರು 'ಜೆನೋವಾದವನು' ಅನ್ನುತ್ತಾರೆ. ಮಕ್ಕಳು ಮೊಮ್ಮಕ್ಕಳಿಗೂ ಅದೇ ಅಂಟಿಕೊಳ್ಳುತ್ತದೆ. 1563ರಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆಗಳ ದಾಖಲೆ ಇಡಬೇಕು ಅಂತ ಮಾಡಿದ ಮೇಲೆ ಇಂಥ ಹೆಸರುಗಳು ಇನ್ನಷ್ಟು ಗಟ್ಟಿಯಾದವು.

ಲೊಂಬಾರ್ಡೊ ಇದಕ್ಕೆ ಒಳ್ಳೆಯ ಉದಾಹರಣೆ. ಲೊಂಬಾರ್ಡಿ ಇರುವುದು ಉತ್ತರದ ಮಿಲಾನ್ ಕಡೆ. ಈ ಹೆಸರು ಜಾಸ್ತಿ ಸಿಗುವುದು ದಕ್ಷಿಣದ ಸಿಸಿಲಿಯಲ್ಲಿ! ಫ್ರಾನ್ಸ್ ಕಡೆಯಿಂದ ಬಂದು ಸಿಸಿಲಿ ಆಳಿದ ನಾರ್ಮನ್ ದೊರೆಗಳ ಕಾಲದಲ್ಲಿ ಉತ್ತರ ಇಟಲಿಯ ಜನ ಗುಂಪುಗುಂಪಾಗಿ ಅಲ್ಲಿಗೆ ಬಂದು ನೆಲೆಸಿದರು. ಆಗ ಉತ್ತರದ ಯಾವ ಭಾಗದಿಂದ ಬಂದರೂ ಹೆಚ್ಚಿನವರನ್ನು ಲೊಂಬಾರ್ಡರು ಅಂತಲೇ ಕರೆಯುತ್ತಿದ್ದರು. ಹಾಗಾಗಿ ಹೆಸರು ನೋಡಿ ಇವತ್ತಿನ ಲೊಂಬಾರ್ಡಿ ರಾಜ್ಯದಲ್ಲೇ ಮೂಲ ಹುಡುಕಿದರೆ ದಾರಿ ತಪ್ಪಬಹುದು.

ಗ್ರೇಕೊ, ಅಂದರೆ ಗ್ರೀಕ್, ಇನ್ನೂ ಮಜವಾಗಿದೆ. ಈ ಮನೆಯವರು ಸಮುದ್ರ ದಾಟಿ ಬಂದಿರಲೇಬೇಕು ಅಂತೇನಿಲ್ಲ. ದಕ್ಷಿಣದ ಸಲೆಂಟೊ, ಕಲಾಬ್ರಿಯಾಗಳಲ್ಲಿ ಗ್ರೀಕ್ ಮಾತಾಡುವ ಹಳ್ಳಿಗಳು ಇವತ್ತಿಗೂ ಒಂದಿಷ್ಟು ಉಳಿದಿವೆ. ಅಂಥ ಪಕ್ಕದ ಹಳ್ಳಿಯಿಂದ ಬಂದರೂ ಗ್ರೇಕೊ ಆಗಬಹುದಿತ್ತು.

ಊರಿನ ಹೆಸರಿದ್ದರೆ ಯಹೂದಿಗಳೇ ಅಂತ ಕೆಲವರು ಖಡಾಖಂಡಿತವಾಗಿ ಹೇಳುತ್ತಾರೆ. ಅದು ಸುಮ್ನೆ ಮಾತು. ಮೊದಿಲ್ಯಾನಿ, ವೊಲ್ತೆರಾದಂಥ ಹೆಸರುಗಳ ಯಹೂದಿ ಮನೆತನಗಳು ಇವೆ, ನಿಜ. ಗಣಿತಜ್ಞ ವೀತೊ ವೊಲ್ತೆರಾ ಅವರಲ್ಲಿ ಒಬ್ಬರು. ವೊಲ್ತೆರಾ ಟಸ್ಕನಿಯ ಊರು, ಅವರು 1860ರಲ್ಲಿ ಹುಟ್ಟಿದ್ದು ಮಾತ್ರ ಅಂಕೋನಾದಲ್ಲಿ. ಆದರೆ ಕ್ರೈಸ್ತರಲ್ಲೂ ಊರಿನ ಹೆಸರುಗಳಿಗೆ ಬರವಿಲ್ಲ.

ಕೋಸ್ತಾ, ಫೊಂತಾನಾ, ದಾಲ್ ಪೊಂತೆಗೆ ಊರೇ ಬೇಕಿಲ್ಲ. ಮನೆ ಇಳಿಜಾರಿನಲ್ಲೋ, ಬುಗ್ಗೆಯ ಹತ್ತಿರವೋ, ಸೇತುವೆ ಪಕ್ಕವೋ ಇದ್ದರೆ ಸಾಕಿತ್ತು.

ಇನ್ನು ರೊಮಾನೊ. ರೋಮ್‌ನಿಂದ ಬಂದವರು ಇದ್ದಾರೆ. ಆದರೆ ಹಿಂದೆ ಗಂಡುಮಕ್ಕಳಿಗೆ ರೊಮಾನೊ ಅಂತ ಹೆಸರಿಡುತ್ತಿದ್ದರು. ಅಂಥ ಒಬ್ಬ ತಾತನಿಂದ ಅಡ್ಡಹೆಸರು ಬಂದಿದ್ದರೆ, ಆ ಮನೆಯವರು ರೋಮ್ ನೋಡಿಯೇ ಇರದಿರಬಹುದು.